ಕೆಲಸ, ಸಂಸಾರದ ನಡುವೆ ಮತ್ತೆ ಕಾಲೇಜಿಗೆ ಸೇರುವ ಮುನ್ನ

ಅರ್ಜಿ ಹಾಕುವ ಮೊದಲು ಒಂದು ವಾರ ಗಂಟೆಗಂಟೆಯ ಲೆಕ್ಕ ಬರೆದಿಡಿ. ವಾರಕ್ಕಿರುವುದು 168 ಗಂಟೆ. ನಿದ್ದೆಗೆ 49, ಕೆಲಸ ಮತ್ತು ಓಡಾಟಕ್ಕೆ 55, ಮನೆಗೆಲಸ, ಮಕ್ಕಳು, ಹಿರಿಯರಿಗೆ 40 ಹೋದರೆ ಉಳಿಯುವುದು 24. ಅದರಲ್ಲೂ ಊಟ, ಸ್ನಾನ, ಫೋನು ತಮ್ಮ ಪಾಲು ಕೇಳುತ್ತವೆ.

ತರಗತಿಯ ಒಂದು ಗಂಟೆಗೆ ಹೊರಗೆ ಎರಡು ಗಂಟೆ ಓದು ಎಂಬುದು ರೂಢಿಯ ಲೆಕ್ಕ. ವಾರಕ್ಕೆ ಮೂರು ಗಂಟೆ ಪಾಠವಿದ್ದರೆ ಒಟ್ಟು 9 ಗಂಟೆ. ಎರಡು ವಿಷಯಕ್ಕೆ 18. ಕಾಲೇಜು ಒಪ್ಪಿದರೆ ಮೊದಲ ಸೆಮಿಸ್ಟರ್‌ಗೆ ಒಂದೇ ವಿಷಯ ತೆಗೆದುಕೊಳ್ಳಿ. ಹುರುಪಿನಲ್ಲಿ ನಾಲ್ಕು ತೆಗೆದುಕೊಂಡವರು ಮೊದಲ ಪರೀಕ್ಷೆಯ ಹೊತ್ತಿಗೇ ಸುಸ್ತಾಗುತ್ತಾರೆ.

ಹಿಂದೆ ಅರ್ಧಕ್ಕೆ ಬಿಟ್ಟ ಓದಿದ್ದರೆ ಅಂಕಪಟ್ಟಿಯ ಜೊತೆ ಆಗಿನ ಪಠ್ಯಕ್ರಮದ ಪ್ರತಿಯನ್ನೂ ತರಿಸಿ. ವಿಷಯದ ಹೆಸರೊಂದೇ ನೋಡಿ ಕ್ರೆಡಿಟ್, ಅಂದರೆ ಹಿಂದಿನ ಓದಿಗೆ ಮನ್ನಣೆ, ಕೊಡುವುದು ಕಷ್ಟ. ಯಾವುದಕ್ಕೆ ವಿನಾಯಿತಿ ಸಿಕ್ಕಿತು ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಬರಹದಲ್ಲಿ ಪಡೆಯಿರಿ, ಬಾಯಿಮಾತು ಲೆಕ್ಕಕ್ಕಿಲ್ಲ.

ಮನೆಯವರಿಗೆ ‘ಸ್ವಲ್ಪ ಸಹಾಯ ಮಾಡಿ’ ಎಂದರೆ ಸಾಲದು. ಮಂಗಳವಾರ, ಗುರುವಾರ ರಾತ್ರಿ 8ರಿಂದ 9:30ರವರೆಗೆ ಹೋಂವರ್ಕ್ ನೋಡುವವರು ಯಾರು, ಪಾತ್ರೆ ತೊಳೆಯುವವರು ಯಾರು ಎಂದು ಹೆಸರು ಹಿಡಿದು ಗೊತ್ತುಮಾಡಿ. ಮಗುವಿಗೆ ಜ್ವರ ಬಂದ ದಿನಕ್ಕೊಬ್ಬರು ಬದಲಿ ಇರಲಿ. ಎಲ್ಲರೂ ಮಲಗಿದ ಮೇಲೆ ಓದುತ್ತೇನೆಂಬ ಯೋಜನೆ ಸಾಮಾನ್ಯವಾಗಿ ಕೈಕೊಡುತ್ತದೆ, ಆ ಹೊತ್ತಿಗೆ ತಲೆಯೂ ಮಲಗಿರುತ್ತದೆ.

ಪರೀಕ್ಷೆಯ ದಿನಾಂಕ ಸಿಕ್ಕ ದಿನವೇ ರಜೆಗೆ ಅರ್ಜಿ ಕೊಡಿ. ವಿಷಯ ಕೈಬಿಡಲು, ಶುಲ್ಕ ವಾಪಸು ಪಡೆಯಲು ಇರುವ ಕೊನೆಯ ದಿನಗಳು ಬೇರೆಬೇರೆ ಇರಬಹುದು. ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.