ಲಸಿಕೆಯಿಂದಲೇ ಹೊಸ ವೈರಸ್ ಹುಟ್ಟುತ್ತಾ? ಹಾಗೆ ಕೇಳಿದವರಿಗೆ ಉತ್ತರ ಕೊಡುವ ಬಗೆ

"ಸಿಸ್ಟರ್, ಇಂಜೆಕ್ಷನ್ ಹಾಕಿ ಹಾಕಿಯೇ ವೈರಸ್ಸು ಹುಷಾರಾಗಿ ಹೊಸ ರೂಪ ತಗೊಳ್ತಂತೆ, ಹೌದಾ?"

2021ರಿಂದ ಈ ಪ್ರಶ್ನೆ ಕೇಳಿಸಿಕೊಳ್ಳುತ್ತಲೇ ಇದ್ದೇನೆ. ನಾನು ಬೆಂಗಳೂರಿನ ಲಗ್ಗೆರೆ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ಲಸಿಕೆ ಹಾಕುವವಳು. ಮೊದಮೊದಲು ಕೊರೊನಾ ಲಸಿಕೆ ಬಗ್ಗೆ ಮಾತ್ರ ಕೇಳುತ್ತಿದ್ದರು. ಈಗ ಅದೇ ಅನುಮಾನ ಮಕ್ಕಳ ಪೋಲಿಯೊ ಹನಿಗೂ, ದಡಾರದ ಇಂಜೆಕ್ಷನ್ನಿಗೂ ಅಂಟಿಕೊಂಡಿದೆ. ನನಗೆ ಜಾಸ್ತಿ ಚಿಂತೆ ಇದರದ್ದೇ. ಹೊಸದಾಗಿ ಸೇರಿದ ಆಶಾ ಕಾರ್ಯಕರ್ತೆಯರಿಗೆ ನಾನು ಹೇಳಿಕೊಡುವುದನ್ನು ಇಲ್ಲಿ ಬರೆದಿದ್ದೇನೆ. ಮನೆಯಲ್ಲಿ ಮಾವನವರ ಜತೆಗೋ, ಅಪಾರ್ಟ್‌ಮೆಂಟ್ ಗ್ರೂಪಿನಲ್ಲೋ ಇದೇ ವಾದಕ್ಕೆ ಸಿಕ್ಕಿಕೊಂಡವರಿಗೂ ಉಪಯೋಗಕ್ಕೆ ಬಂದೀತು.

ಕೇಳಿದ ತಕ್ಷಣ "ಅದೆಲ್ಲ ಸುಳ್ಳು" ಅನ್ನಬೇಡಿ. ಆ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಕಲಸಿಹೋಗಿರುತ್ತವೆ. ಲಸಿಕೆ ವೈರಸ್ಸನ್ನು ಬದಲಾಯಿಸುತ್ತದೆಯೇ ಅನ್ನುವುದು ಒಂದು. ತಾನಾಗಿ ಬದಲಾದ ವೈರಸ್ಸು ಲಸಿಕೆಯಿಂದ ತಪ್ಪಿಸಿಕೊಳ್ಳಬಹುದೇ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ "ಇಲ್ಲ" (ಪೋಲಿಯೊ ಹನಿಯದ್ದು ಮಾತ್ರ ಬೇರೆ, ಅದನ್ನು ಮುಂದೆ ಹೇಳುತ್ತೇನೆ). ಎರಡನೆಯದಕ್ಕೆ "ಸ್ವಲ್ಪ ಮಟ್ಟಿಗೆ ಹೌದು". ಎರಡಕ್ಕೂ ಸೇರಿಸಿ ಒಂದೇ ಉತ್ತರ ಕೊಡಲು ಹೋದರೆ ಸೋಲುವುದು ಗ್ಯಾರಂಟಿ.

ಮೊದಲು ತಾರೀಕು ನೋಡಿಸಿ

ವಾದ ಬೇಡ, ಕ್ಯಾಲೆಂಡರ್ ಸಾಕು. ನಮ್ಮ ದೇಶದಲ್ಲಿ ಕೊರೊನಾ ಲಸಿಕೆ ಶುರುವಾಗಿದ್ದು 2021ರ ಜನವರಿ 16ಕ್ಕೆ. ಕೊರೊನಾದ ಹೊಸ ರೂಪಗಳಲ್ಲಿ ಒಂದಾದ ಡೆಲ್ಟಾ ಇದ್ದ ಮೊದಲ ಮಾದರಿಗಳು ಸಿಕ್ಕಿದ್ದು 2020ರ ಅಕ್ಟೋಬರಿನಲ್ಲಿ, ಇಲ್ಲೇ ಭಾರತದಲ್ಲಿ. ಆಲ್ಫಾ ಬ್ರಿಟನ್ನಿನಲ್ಲಿ 2020ರ ಸೆಪ್ಟೆಂಬರಿನದ್ದು. ಅಲ್ಲಿ ಲಸಿಕೆ ಶುರುವಾಗಿದ್ದು ಡಿಸೆಂಬರ್ 8ಕ್ಕೆ. ದಕ್ಷಿಣ ಆಫ್ರಿಕಾದ ಬೀಟಾ, ಬ್ರೆಜಿಲ್ಲಿನ ಗಾಮಾ ಎರಡೂ 2020ರವೇ. 2021ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಆಕ್ಸಿಜನ್ನಿಗೆ, ಬೆಡ್ಡಿಗೆ ಜನ ಅಲೆದಾಡಿದ್ದು ಎಲ್ಲರಿಗೂ ನೆನಪಿದೆ. ಆಗ ಸಾಮಾನ್ಯ ಜನರಲ್ಲಿ 45 ದಾಟಿದವರಿಗೆ ಮಾತ್ರ ಲಸಿಕೆ ತೆರೆದಿತ್ತು. 18 ದಾಟಿದವರ ಸರದಿ ಬಂದಿದ್ದು ಮೇ ತಿಂಗಳಲ್ಲಿ. ಡೆಲ್ಟಾ ಹುಟ್ಟಿ, ಬೆಳೆದು, ಊರೆಲ್ಲ ಸುತ್ತುವಾಗ ಹೆಚ್ಚಿನ ಜನರ ತೋಳಿಗೆ ಸೂಜಿಯೇ ತಾಗಿರಲಿಲ್ಲ.

ಓದಿಕೊಂಡವರು ಇಲ್ಲಿ ಒಂದು ಪಟ್ಟು ಹಾಕುತ್ತಾರೆ. "ಆದರೆ ಲಸಿಕೆ ಪ್ರಯೋಗ ಆ ದೇಶಗಳಲ್ಲೇ ಮೊದಲೇ ನಡೀತಿತ್ತಲ್ಲ?" ನಡೆಯುತ್ತಿತ್ತು, ನಿಜ. ನಮ್ಮಲ್ಲಿ ಕೋವಿಶೀಲ್ಡ್ ಪ್ರಯೋಗಕ್ಕೆ ಸೇರಿದ್ದವರು 1,600 ಜನ. 2020ರ ನವೆಂಬರಿನಲ್ಲಿ ಶುರುವಾದ ಕೋವ್ಯಾಕ್ಸಿನ್ನಿನ ದೊಡ್ಡ ಪ್ರಯೋಗಕ್ಕೆ 25,800. ಅದೇ ವರ್ಷ ಸೆಪ್ಟೆಂಬರಿನಲ್ಲಿ ದೇಶದಲ್ಲಿ ದಿನಕ್ಕೆ 90 ಸಾವಿರ ದಾಟಿ ಹೊಸ ಕೇಸು ದಾಖಲಾಗುತ್ತಿದ್ದವು. ವೈರಸ್ಸು ಬೆಳೆಯಲು ಜಾಗ ಎಲ್ಲಿ ಜಾಸ್ತಿ ಸಿಕ್ಕಿತು, ನೀವೇ ಲೆಕ್ಕ ಹಾಕಿ. ಇನ್ನೊಂದು ಮಾತು: ಪ್ರಯೋಗ ಮಾಡುವವರು ಕಾಯಿಲೆ ಜೋರಾಗಿರುವ ದೇಶವನ್ನೇ ಹುಡುಕುತ್ತಾರೆ. ಕಾಯಿಲೆಯೇ ಇಲ್ಲದ ಕಡೆ ಲಸಿಕೆ ಕೆಲಸ ಮಾಡಿತೋ ಇಲ್ಲವೋ ಗೊತ್ತಾಗುವುದು ಹೇಗೆ?

ಒಮಿಕ್ರಾನ್ ವಿಷಯದಲ್ಲಿ ಮಾತ್ರ ಈ ತಾರೀಕಿನ ಉಪಾಯ ನಡೆಯುವುದಿಲ್ಲ. ಅದು ಕಂಡಿದ್ದು 2021ರ ನವೆಂಬರಿನಲ್ಲಿ, ಬೋಟ್ಸ್ವಾನಾ ಮತ್ತು ದಕ್ಷಿಣ ಆಫ್ರಿಕಾದಲ್ಲಿ. ಅಷ್ಟರಲ್ಲಿ ಪ್ರಪಂಚದಲ್ಲಿ ಕೋಟಿಗಟ್ಟಲೆ ಜನರಿಗೆ ಲಸಿಕೆ ಆಗಿತ್ತು. ಹಾಗಾಗಿ ಒಮಿಕ್ರಾನ್‌ಗೆ ತಾರೀಕು ತೋರಿಸಲು ಹೋಗಬೇಡಿ. ಅದರ ಕತೆಯೇ ಬೇರೆ, ಮುಂದೆ ಹೇಳುತ್ತೇನೆ.

ಬದಲಾವಣೆ ಹೇಗೆ ಆಗುತ್ತೆ ಅಂತ ಹೇಳುವಾಗ

ನಾನು ರಾಮಕೋಟಿ ಬರೆಯುವ ಅಜ್ಜಿಯರ ಉದಾಹರಣೆ ಕೊಡುತ್ತೇನೆ. ಒಂದು ಪುಟ ಬರೆದರೆ ತಪ್ಪು ಬೀಳುವುದು ಅಪರೂಪ. ಪುಸ್ತಕದ ಮೇಲೆ ಪುಸ್ತಕ ತುಂಬಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಅಕ್ಷರ ಜಾರುತ್ತದೆ. ವೈರಸ್ಸು ಮಾಡುವುದೂ ಇದನ್ನೇ. ನಮ್ಮ ಜೀವಕೋಶದೊಳಗೆ ಕುಳಿತು ತನ್ನ ನಕಲು ತಾನೇ ಬರೆಯುತ್ತದೆ. ಕೊರೊನಾದ ಬರಹ ಸುಮಾರು 30,000 ಅಕ್ಷರ. ಪ್ರತಿ ಸಲ ಎಲ್ಲವನ್ನೂ ಹೊಸದಾಗಿ ಬರೆಯಬೇಕು. ತಪ್ಪು ತಿದ್ದಿಕೊಳ್ಳುವ ಒಂದು ಕಿಣ್ವ ಅದಕ್ಕಿದೆ. ಫ್ಲೂ ವೈರಸ್ಸಿಗೆ ಅದೂ ಇಲ್ಲ. ತಿದ್ದಿಕೊಂಡರೂ, ಜನರಿಂದ ಜನರಿಗೆ ಹರಡುತ್ತಾ ಹೋಗುವ ಒಂದು ಕೊರೊನಾ ಸಾಲಿನಲ್ಲಿ ತಿಂಗಳಿಗೆ ಸುಮಾರು ಎರಡು ಅಕ್ಷರ ಬದಲಾಗಿ ಉಳಿದುಬಿಡುತ್ತವೆ.

ಈ ಬರಹದಲ್ಲಿ ಲಸಿಕೆಯ ಕೈವಾಡ ಎಲ್ಲಿದೆ? ಎಲ್ಲೂ ಇಲ್ಲ. ಲಸಿಕೆ ವೈರಸ್ಸಿನ ಅಕ್ಷರ ಮುಟ್ಟುವುದಿಲ್ಲ. ಅದು ನಮ್ಮ ದೇಹಕ್ಕೆ ಮೊದಲೇ ಅಭ್ಯಾಸ ಮಾಡಿಸಿರುತ್ತದೆ, ಅಷ್ಟೇ. ಡೆಲ್ಟಾ ಕಾಲದಲ್ಲಿ ಎರಡು ಡೋಸ್ ಆದವರಿಗೂ ಸೋಂಕು ಬಂತು. ಆದರೆ ಅವರ ಮೈಯಿಂದ ವೈರಸ್ಸು ಬೇಗ ಖಾಲಿಯಾಯಿತು. ಬರೆಯಲು ಸಿಕ್ಕ ದಿನ ಕಡಿಮೆಯಾದರೆ ತಪ್ಪು ಬೀಳುವ ಅವಕಾಶವೂ ಕಡಿಮೆ.

ಈಗ ಎರಡನೇ ಪ್ರಶ್ನೆ. ಊರಿನಲ್ಲಿ ಎಲ್ಲರಿಗೂ ಒಂದಷ್ಟು ರೋಗನಿರೋಧಕ ಶಕ್ತಿ ಬಂದ ಮೇಲೆ, ಆ ಶಕ್ತಿಯ ಕಣ್ಣು ತಪ್ಪಿಸುವಂತೆ ಬದಲಾದ ವೈರಸ್ಸೇ ಮುಂದೆ ಹೋಗುತ್ತದೆ. ಇದನ್ನು ಮುಚ್ಚಿಡಬೇಡಿ, ಒಪ್ಪಿಕೊಳ್ಳಿ. ಒಪ್ಪಿಕೊಂಡು ಹೇಳಿ: ಆ ಶಕ್ತಿ ಲಸಿಕೆಯಿಂದ ಬಂದರೂ ಅಷ್ಟೇ, ಕಾಯಿಲೆ ಬಂದು ಹೋಗಿದ್ದರಿಂದ ಬಂದರೂ ಅಷ್ಟೇ. ಗಾಮಾ ಎದ್ದಿದ್ದು ಬ್ರೆಜಿಲ್ಲಿನ ಮನೌಸ್ ಪಟ್ಟಣದಲ್ಲಿ. ಅಲ್ಲಿ ಲಸಿಕೆ ಬರುವ ಮೊದಲೇ ತುಂಬಾ ಜನರಿಗೆ ಒಂದು ಸಲ ಕಾಯಿಲೆ ಬಂದು ಹೋಗಿತ್ತು. ಲಸಿಕೆ ಬೇಡ ಅಂದರೆ ಈ ಒತ್ತಡ ತಪ್ಪುವುದಿಲ್ಲ. ಸೋಂಕಿನ ದಾರಿಯಲ್ಲೇ ಬರುತ್ತದೆ, ಜತೆಗೆ ಸಾವನ್ನೂ ತರುತ್ತದೆ.

ಒಮಿಕ್ರಾನ್‌ಗೆ ಬರೋಣ. ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳುವ ಅದರ ಮುಳ್ಳಿನ ಪ್ರೋಟೀನೊಂದರಲ್ಲೇ 30ಕ್ಕಿಂತ ಹೆಚ್ಚು ಬದಲಾವಣೆ ಇದ್ದವು. ಅಷ್ಟೆಲ್ಲ ಒಟ್ಟಿಗೆ ಹೇಗೆ ಬಂತು? ವಿಜ್ಞಾನಿಗಳು ಹೆಚ್ಚಾಗಿ ನಂಬುವ ಕಾರಣ, ರೋಗನಿರೋಧಕ ಶಕ್ತಿ ತೀರಾ ಕುಂದಿದ ಯಾರದ್ದೋ ಮೈಯಲ್ಲಿ ಸೋಂಕು ತಿಂಗಳುಗಟ್ಟಲೆ ಉಳಿದಿತ್ತು ಅನ್ನುವುದು. ಅಂಥ ರೋಗಿಗಳ ಮೈಯಲ್ಲಿ ವೈರಸ್ಸು ರಾಶಿ ಬದಲಾವಣೆ ಗುಡ್ಡೆ ಹಾಕಿಕೊಳ್ಳುವುದನ್ನು ವೈದ್ಯರು ನೋಡಿದ್ದಾರೆ. ಹಾಗಾಗಿ ಮನೆಯಲ್ಲಿ ಕಿಡ್ನಿ ಕಸಿ ಆದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಎಚ್‌ಐವಿ ಮಾತ್ರೆ ಬಿಟ್ಟವರು ಇದ್ದರೆ ಅವರ ಕಡೆ ಜಾಸ್ತಿ ಗಮನ ಕೊಡಿ. ಮಾತ್ರೆ ಬಿಟ್ಟವರನ್ನು ಮತ್ತೆ ಆ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರಕ್ಕೆ ಕಳಿಸುವುದೂ ಹೊಸ ತಳಿ ತಡೆಯುವ ಕೆಲಸವೇ. ಯಾರೂ ಹಾಗೆ ಲೆಕ್ಕ ಹಿಡಿಯುವುದಿಲ್ಲ ಅಷ್ಟೇ.

ಕೋಳಿ ವಿಷಯ ಎತ್ತಿದರೆ

ಹೆಸರಘಟ್ಟ ಕಡೆ ಕೋಳಿ ಫಾರಂ ಇಟ್ಟವರೊಬ್ಬರು ನನ್ನನ್ನು ಚೆನ್ನಾಗಿ ಹಿಡಿದು ನಿಲ್ಲಿಸಿದ್ದರು. "ಮ್ಯಾರೆಕ್ಸ್ ಕಾಯಿಲೆಗೆ ಮರಿಗಳಿಗೆ ಲಸಿಕೆ ಹಾಕ್ತೀವಿ. ಲಸಿಕೆ ಬಂದ ಮೇಲೆ ಕಾಯಿಲೆ ಇನ್ನೂ ಖಡಕ್ ಆಗಿದೆ. ಅದಕ್ಕೇನಂತೀರಿ?" ಅವರು ಹೇಳಿದ್ದರಲ್ಲಿ ಹುರುಳಿದೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನೇ ತೋರಿಸಿತು. ಆ ಲಸಿಕೆ ಕೋಳಿ ಸಾಯುವುದನ್ನು ತಡೆಯುತ್ತದೆ, ವೈರಸ್ ಹರಡುವುದನ್ನು ಪೂರ್ತಿ ತಡೆಯುವುದಿಲ್ಲ. ಲಸಿಕೆ ಇಲ್ಲದ ಕೋಳಿಗೆ ಕ್ರೂರ ತಳಿ ತಗುಲಿದರೆ ಅದು ಬೇಗ ಸತ್ತು, ಹರಡುವುದು ಅಲ್ಲಿಗೇ ನಿಲ್ಲುತ್ತದೆ. ಲಸಿಕೆ ಆದ ಕೋಳಿ ಬದುಕಿ ಅದೇ ತಳಿಯನ್ನು ವಾರಗಟ್ಟಲೆ ಉದುರಿಸುತ್ತದೆ.

ಮನುಷ್ಯರ ಕೊರೊನಾದಲ್ಲಿ ಲೆಕ್ಕ ಹಾಗಿಲ್ಲ. ಲಸಿಕೆ ಹಾಕಿಸಿಕೊಳ್ಳದವರಲ್ಲೂ ಹೆಚ್ಚಿನವರು ಬದುಕುತ್ತಾರೆ, ಓಡಾಡುತ್ತಾರೆ, ಹರಡುತ್ತಾರೆ. ಅದೂ ಕಾಯಿಲೆ ಕಾಣಿಸುವ ಒಂದೆರಡು ದಿನ ಮೊದಲಿನಿಂದಲೇ. ರೋಗಿ ಸತ್ತು ಕ್ರೂರ ತಳಿ ನಿಂತುಹೋಗುವ ಮಾತೇ ಇಲ್ಲಿಲ್ಲ. ಕೊನೆಗೆ ಅವರನ್ನೇ ಕೇಳಿದೆ, "ಅಣ್ಣಾ, ಹಾಗಾದರೆ ಮರಿಗಳಿಗೆ ಲಸಿಕೆ ನಿಲ್ಲಿಸಿದ್ದೀರಾ?" ನಕ್ಕರು. ನಿಲ್ಲಿಸಿರಲಿಲ್ಲ.

ಪೋಲಿಯೊ ಹನಿ: ಇಲ್ಲಿ ಸುಳ್ಳು ಹೇಳಲೇಬೇಡಿ

ಇದು ಎಲ್ಲಕ್ಕಿಂತ ಸೂಕ್ಷ್ಮ. ಇಲ್ಲಿ ಲಸಿಕೆಯಲ್ಲಿರುವ ವೈರಸ್ಸೇ ಬದಲಾಗಬಹುದು. ಬಾಯಿಗೆ ಹಾಕುವ ಹನಿಯಲ್ಲಿ ಇರುವುದು ಜೀವಂತ, ಆದರೆ ಬಲ ಕುಗ್ಗಿಸಿದ ಪೋಲಿಯೊ ವೈರಸ್. ಮಗುವಿನ ಕರುಳಿನಲ್ಲಿ ಕೆಲವು ವಾರ ಇದ್ದು, ಮಲದ ಜತೆ ಹೊರಗೆ ಹೋಗುತ್ತದೆ. ಸುತ್ತಮುತ್ತ ಎಲ್ಲ ಮಕ್ಕಳಿಗೂ ಲಸಿಕೆ ಆಗಿದ್ದರೆ ಅದಕ್ಕೆ ಮುಂದೆ ಜಾಗ ಸಿಗದೆ ಮುಗಿಯುತ್ತದೆ. ತುಂಬಾ ಮಕ್ಕಳು ಬಿಟ್ಟುಹೋಗಿದ್ದರೆ, ಮಗುವಿನಿಂದ ಮಗುವಿಗೆ ದಾಟುತ್ತಾ, ತಿಂಗಳುಗಟ್ಟಲೆ ಸುತ್ತುತ್ತಾ, ಮತ್ತೆ ಬಲ ಪಡೆದು ಲಕ್ವ ತರುವ ಮಟ್ಟಕ್ಕೆ ಬರಬಹುದು. ಹಲವು ದೇಶಗಳಲ್ಲಿ ಹೀಗೆ ಆಗಿದೆ.

ಗೊತ್ತಿರುವವರ ಮುಂದೆ ಇದನ್ನು ಇಲ್ಲ ಅಂದರೆ ನಿಮ್ಮ ಮಾತಿಗೆ ಬೆಲೆ ಹೋಯಿತು. ಹೌದು ಅಂತ ಹೇಳಿ, ಆಮೇಲೆ ಏನು ಮಾಡಿದ್ದಾರೆ ಅಂತಲೂ ಹೇಳಿ. ಪೋಲಿಯೊ ವೈರಸ್ಸಿನ ಮೂರು ಬಗೆಗಳಲ್ಲಿ ಈ ತೊಂದರೆ ಹೆಚ್ಚಾಗಿ ಕೊಟ್ಟಿದ್ದು ಎರಡನೇ ಬಗೆ. 2016ರ ಏಪ್ರಿಲ್‌ನಲ್ಲಿ ಪ್ರಪಂಚದಾದ್ಯಂತ ಅದನ್ನು ಮಾಮೂಲಿ ಹನಿಯಿಂದ ತೆಗೆದರು. ಜತೆಗೆ ಈಗ ಮಕ್ಕಳಿಗೆ ಸತ್ತ ವೈರಸ್ಸಿನ ಪೋಲಿಯೊ ಇಂಜೆಕ್ಷನ್ ಕೂಡ ಹಾಕುತ್ತೇವೆ. ಅದು ಬದಲಾಗುವ ಮಾತೇ ಇಲ್ಲ. ಭಾರತದಲ್ಲಿ ಕಾಡು ಪೋಲಿಯೊದ (ಲಸಿಕೆಯಿಂದ ಬಂದದ್ದಲ್ಲದ, ಮೂಲ ವೈರಸ್ಸಿನ) ಕೊನೆಯ ಕೇಸು ಕಂಡಿದ್ದು 2011ರ ಜನವರಿಯಲ್ಲಿ, ಹೌರಾದಲ್ಲಿ. 2014ರ ಮಾರ್ಚಿನಲ್ಲಿ ನಮ್ಮನ್ನು ಪೋಲಿಯೊ ಮುಕ್ತ ಅಂತ ಘೋಷಿಸಿದರು. ಅದು ಆಗಿದ್ದು ಇದೇ ಹನಿಯಿಂದ. ಬೂತಿನಲ್ಲಿ ಎಡಗೈ ಕಿರುಬೆರಳಿಗೆ ಮಾರ್ಕರ್ ಗುರುತು ಹಾಕಿಸಿಕೊಂಡ ಮಕ್ಕಳು ಈಗ ಕಾಲೇಜಿಗೆ ಹೋಗುತ್ತಿದ್ದಾರೆ.

ಇದನ್ನೆಲ್ಲ ಕೇಳಿದ ಮೇಲೆ ಅಪ್ಪ ಅಮ್ಮ ಮಾಡಬೇಕಾದ್ದು ಹನಿ ಬಿಡುವುದಲ್ಲ, ಒಂದೂ ಬಿಡದೆ ಹಾಕಿಸುವುದು. ಬದಲಾದ ವೈರಸ್ಸು ಹುಟ್ಟುವುದು ಬಿಟ್ಟುಹೋದ ಮಕ್ಕಳ ನಡುವೆ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇದೇ. ಬೇರೇನು ಮರೆತರೂ ಇದನ್ನು ಹೇಳದೆ ಬರಬೇಡಿ.

ಅದಕ್ಕೆ ಜೋಡಿಯಾಗಿ ದಡಾರದ ಮಾತು ಹೇಳಿ. ಅದರ ಲಸಿಕೆ ಮೊದಲು ಬಂದಿದ್ದು 1963ರಲ್ಲಿ. ದಡಾರದ ವೈರಸ್ಸೂ ನಕಲು ಮಾಡುವಾಗ ತಪ್ಪು ಮಾಡುತ್ತದೆ. ಆದರೆ ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳುವ ಭಾಗ ಬದಲಾದರೆ ಅದಕ್ಕೆ ಒಳಗೆ ನುಗ್ಗಲೇ ಆಗುವುದಿಲ್ಲ. ಹಾಗಾಗಿ 1954ರಲ್ಲಿ ಒಬ್ಬ ಹುಡುಗನಿಂದ ಪಡೆದ ವೈರಸ್ಸಿನ ವಂಶದ ಲಸಿಕೆಯೇ ಇವತ್ತಿಗೂ ನಡೆಯುತ್ತಿದೆ. ಲಸಿಕೆ ವೈರಸ್ಸನ್ನು ಚಾಲಾಕು ಮಾಡುವುದೇ ನಿಜವಾಗಿದ್ದರೆ ದಡಾರ ಇಷ್ಟು ಹೊತ್ತಿಗೆ ಎಷ್ಟು ಚಾಲಾಕಾಗಬೇಕಿತ್ತು, ಅಲ್ವಾ?

ಫ್ಲೂ ಹಾಗಲ್ಲ, ವರ್ಷ ವರ್ಷ ವೇಷ ಬದಲಾಯಿಸುತ್ತದೆ. ಹಾಗಾಗಿ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಸೆಪ್ಟೆಂಬರಿನಲ್ಲಿ, ಮುಂದಿನ ಲಸಿಕೆಯಲ್ಲಿ ಯಾವ ತಳಿ ಇರಬೇಕು ಅಂತ ಹೇಳುತ್ತದೆ. ಫ್ಲೂ ಇಂಜೆಕ್ಷನ್ ಹಾಕಿಸುವವರು ಡಬ್ಬಿಯ ಮೇಲೆ ಯಾವ ವರ್ಷದ್ದು ಅಂತ ನೋಡಿಯೇ ಹಾಕಿಸಿ.

ಟಿವಿಯಲ್ಲಿ "ಹೊಸ ತಳಿ ಬೆಂಗಳೂರಿಗೆ ಲಗ್ಗೆ" ಅಂತ ಬಂದಾಗ

ಗಾಬರಿ ಬೀಳುವ ಮೊದಲು ಇಷ್ಟು ಕೇಳಿಕೊಳ್ಳಿ: ಬೇಗ ಹರಡುತ್ತಾ, ಕಾಯಿಲೆ ಜೋರು ಮಾಡುತ್ತಾ, ಹಳೆಯ ಶಕ್ತಿಯಿಂದ ತಪ್ಪಿಸಿಕೊಳ್ಳುತ್ತಾ? ಸುದ್ದಿಯಲ್ಲಿ ಈ ಮೂರಕ್ಕೂ ಉತ್ತರ ಇಲ್ಲದಿದ್ದರೆ ಚಾನೆಲ್ ಬದಲಿಸಿ. ದೇಶದ ಮೊದಲ ಎರಡು ಒಮಿಕ್ರಾನ್ ಕೇಸು 2021ರ ಡಿಸೆಂಬರ್ 2ರಂದು ಘೋಷಣೆಯಾಗಿದ್ದು ಬೆಂಗಳೂರಿನಲ್ಲೇ. ಅದು ಇಲ್ಲಿ ಹುಟ್ಟಿತ್ತು ಅಂತಲ್ಲ. ನಿಮ್ಹಾನ್ಸ್, ಎನ್‌ಸಿಬಿಎಸ್‌ನಂಥ ಕಡೆ ವೈರಸ್ಸಿನ ಅಕ್ಷರ ಓದುವ ಲ್ಯಾಬು ಇವೆ, ಊರಿನ ಚರಂಡಿ ನೀರನ್ನೂ ಪರೀಕ್ಷೆ ಮಾಡಿದ್ದಾರೆ. ಹುಡುಕುವವರಿಗೆ ಸಿಗುತ್ತದೆ.

ಒಪ್ಪಿದವರನ್ನು ಬಿಡಬೇಡಿ

ಪೂರ್ತಿ ಒಪ್ಪಿಸುವುದಕ್ಕೆ ಹಟ ಮಾಡಬೇಡಿ. ಸೂಜಿ ಕೈಯಲ್ಲಿ ಹಿಡಿದು ವಾದ ಮಾಡುವುದಂತೂ ಬೇಡವೇ ಬೇಡ. ಲಸಿಕೆ ಆದ ಮೇಲೆ ಅರ್ಧ ಗಂಟೆ ಕೂರಿಸುತ್ತೇವಲ್ಲ, ಮಾತಿಗೆ ಅದೇ ಒಳ್ಳೆ ಹೊತ್ತು. ಜ್ವರ, ಊತದ ಬಗ್ಗೆ ಕೇಳಿದರೆ ಅದನ್ನು ಈ ವಿಷಯದ ಜತೆ ಕಲಸದೆ ಬೇರೆಯಾಗಿ ಹೇಳಿ.

ನಮ್ಮ ಕಡೆ ಡೋಸ್ ತಪ್ಪುವುದು ಹೆಚ್ಚಾಗಿ ಅನುಮಾನದಿಂದಲ್ಲ. ಕಟ್ಟಡದ ಕೆಲಸಕ್ಕೆ ರಾಯಚೂರು, ಕಲಬುರಗಿಯಿಂದ ಬಂದವರು ಹಬ್ಬಕ್ಕೆ ಊರಿಗೆ ಹೋಗುತ್ತಾರೆ, ತಾಯಿ ಕಾರ್ಡ್ ಅಲ್ಲೇ ಉಳಿಯುತ್ತದೆ. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಅಮ್ಮಂದಿರಿಗೆ ರಜೆ ಸಿಗುವುದಿಲ್ಲ. ಅವರಿಗೆ ಹೇಳಿ: ಕಾರ್ಡ್ ಇಲ್ಲದಿದ್ದರೂ ಬನ್ನಿ, ಯಾವ ಸರ್ಕಾರಿ ಕೇಂದ್ರದಲ್ಲಾದರೂ ಪುಕ್ಕಟೆ ಹಾಕುತ್ತಾರೆ. ಸರ್ಕಾರದ ಲಸಿಕೆ ದಾಖಲೆ ಇಡುವ ಯು-ವಿನ್‌ನಲ್ಲಿ ನೋಂದಣಿ ಆಗಿದ್ದರೆ ಮೊಬೈಲ್ ನಂಬರಿನಿಂದ ಹಳೆಯ ಡೋಸ್ ಸಿಗುತ್ತದೆ. ದಡಾರ-ರುಬೆಲ್ಲಾ 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ತಡವಾಗಿದ್ದರೂ ಕರೆದುಕೊಂಡು ಬನ್ನಿ, ಬೈಯುವುದಿಲ್ಲ. ಆದರೆ ಲಸಿಕೆ ದಿನವಾದ ಗುರುವಾರ ಬೆಳಗ್ಗೆಯೇ ಬನ್ನಿ. ದಡಾರ-ರುಬೆಲ್ಲಾ ಲಸಿಕೆಯ ಬಾಟಲಿ ಒಮ್ಮೆ ಕಲಸಿದರೆ 4 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಎಸೆಯಬೇಕು. ಮಧ್ಯಾಹ್ನದ ಮೇಲೆ ಒಂದೇ ಮಗುವಿಗೆ ಹೊಸ ಬಾಟಲಿ ಒಡೆಯಲು ನಾನೇನೋ ತಯಾರು, ನಮ್ಮ ಡಾಕ್ಟರಿಗೆ ಲೆಕ್ಕ ಒಪ್ಪಿಸುವುದು ಮಾತ್ರ ಕಷ್ಟ.