ಲಂಡನ್‌ಗೆ ಹೊಸಬರೇ, ಮನೆ ನೋಡುವ ಮೊದಲು ಟ್ಯೂಬ್ ಲೈನ್ ನೋಡಿ

ಲಂಡನ್‌ಗೆ ಬರುವ ನಮ್ಮವರು ಎಲ್ಲಕ್ಕಿಂತ ಮೊದಲು ಕೇಳುವುದು "ಬಾಡಿಗೆ ಎಲ್ಲಿ ಕಡಿಮೆ?" ಅಂತ. ಅದನ್ನು ಎರಡನೆಯದಾಗಿ ಕೇಳಿ. ಮೊದಲು ನಿಮ್ಮ ಆಫೀಸ್ ಅಥವಾ ಕಾಲೇಜು ಯಾವ ಟ್ಯೂಬ್ (ಲಂಡನ್‌ನ ಮೆಟ್ರೋ ರೈಲು) ಲೈನ್ ಮೇಲಿದೆ ಅಂತ ನೋಡಿ. ಆ ಲೈನ್ ಹಿಡಿದು ಹೊರಗೆ ಹೋಗುತ್ತಾ ಮನೆ ಹುಡುಕಿ. ಒಂದೇ ಗಾಡಿಯಲ್ಲಿ ಕೂತು ಹೋಗುವ ಹಾಗಿದ್ದರೆ ಝೋನ್ 5 ಆದರೂ ನಡೆಯುತ್ತದೆ (ನಡು ಲಂಡನ್ ಝೋನ್ 1, ಹೊರಗೆ ಹೋದ ಹಾಗೆ ಸಂಖ್ಯೆ ಏರುತ್ತದೆ). ಝೋನ್ 2ರಲ್ಲಿದ್ದುಕೊಂಡು ದಿನಾ ಎರಡು ಕಡೆ ಇಳಿದು ಹತ್ತುವವರಿಗಿಂತ ನೀವು ಸುಖವಾಗಿರುತ್ತೀರಿ.

ಉದಾಹರಣೆಗೆ ನಮ್ಮ ಐಟಿಯವರು, ಬ್ಯಾಂಕ್‌ನವರು ಜಾಸ್ತಿ ಇರುವ ಕ್ಯಾನರಿ ವಾರ್ಫ್ ತೆಗೆದುಕೊಳ್ಳಿ. ಅಲ್ಲಿಗೆ ಜುಬಿಲಿ ಲೈನ್ ಹೋಗುತ್ತದೆ. ಅದರ ಇನ್ನೊಂದು ತುದಿಯಲ್ಲಿ ವೆಂಬ್ಲಿ ಪಾರ್ಕ್, ಕಿಂಗ್ಸ್‌ಬರಿ, ಕ್ಯಾನನ್ಸ್ ಪಾರ್ಕ್, ಸ್ಟ್ಯಾನ್ಮೋರ್ ಇವೆ. ಸುತ್ತಮುತ್ತ ಇಂಡಿಯನ್ ಅಂಗಡಿಗಳಿಗೂ ಕೊರತೆಯಿಲ್ಲ. ಕೆಲಸ ಸಿಟಿ ಅನ್ನುವ ಹಳೆಯ ವ್ಯಾಪಾರದ ಭಾಗದ ಕಡೆ, ಅಂದರೆ ಮೂರ್ಗೇಟ್, ಲಿವರ್‌ಪೂಲ್ ಸ್ಟ್ರೀಟ್ ಹತ್ತಿರ ಇದ್ದರೆ ಮೆಟ್ರೋಪಾಲಿಟನ್ ಲೈನ್ ಹಿಡಿದು ಹ್ಯಾರೋ, ಪಿನ್ನರ್ ಕಡೆ ನೋಡಬಹುದು. ಈಸ್ಟ್ ಹ್ಯಾಮ್‌ನಿಂದ ಡಿಸ್ಟ್ರಿಕ್ಟ್ ಲೈನ್ ಸೀದಾ ವೆಸ್ಟ್‌ಮಿನ್‌ಸ್ಟರ್‌ಗೆ ಬರುತ್ತದೆ. ಅಲ್ಲಿ ಕರಿಬೇವಿನಿಂದ ಇಡ್ಲಿ ಅಕ್ಕಿವರೆಗೆ ಎಲ್ಲಾ ಸಿಗುತ್ತದೆ ಅನ್ನುವುದು ಬೇರೆ ವಿಷಯ. ಹೌನ್ಸ್ಲೋದವರಿಗೆ ಪಿಕಡಿಲಿ ಲೈನ್.

ಗಾಡಿ ಬದಲಾಯಿಸಲೇಬೇಕಾದರೆ ಎಲ್ಲಿ ಬದಲಾಯಿಸುತ್ತೀರಿ ಅನ್ನುವುದು ಮುಖ್ಯ. ಈ ವಿಷಯ ಯಾವ ಮ್ಯಾಪ್‌ನಲ್ಲೂ ಕಾಣುವುದಿಲ್ಲ. ಮ್ಯಾಪ್‌ನಲ್ಲಿ ಎಲ್ಲಾ ಇಂಟರ್‌ಚೇಂಜೂ ಒಂದೇ ಬಿಳಿ ಚುಕ್ಕಿ, ಅಲ್ವಾ? ನಿಜದಲ್ಲಿ ಕೆಲವು ಕಡೆ ಎದುರು ಪ್ಲಾಟ್‌ಫಾರ್ಮಿಗೆ ನಾಲ್ಕು ಹೆಜ್ಜೆ ಹಾಕಿದರೆ ಆಯಿತು. ಮೈಲ್ ಎಂಡ್‌ನಲ್ಲಿ ಸೆಂಟ್ರಲ್‌ನಿಂದ ಡಿಸ್ಟ್ರಿಕ್ಟ್, ಫಿನ್ಸ್‌ಬರಿ ಪಾರ್ಕ್‌ನಲ್ಲಿ ವಿಕ್ಟೋರಿಯಾದಿಂದ ಪಿಕಡಿಲಿ, ಸ್ಟಾಕ್‌ವೆಲ್‌ನಲ್ಲಿ ನಾರ್ದರ್ನ್‌ನಿಂದ ವಿಕ್ಟೋರಿಯಾ, ಆಕ್ಸ್‌ಫರ್ಡ್ ಸರ್ಕಸ್‌ನಲ್ಲಿ ವಿಕ್ಟೋರಿಯಾದಿಂದ ಬೇಕರ್‌ಲೂ ಹಾಗೆಯೇ ಸಿಗುತ್ತವೆ. ಗ್ರೀನ್ ಪಾರ್ಕ್‌ನಲ್ಲಿ ಪಿಕಡಿಲಿಗೆ ಹೋಗುವುದು, ಬ್ಯಾಂಕ್ ಅನ್ನುವ ಸ್ಟೇಷನ್‌ನಿಂದ ಮಾನ್ಯುಮೆಂಟ್‌ಗೆ ಒಳಗೊಳಗೇ ನಡೆಯುವುದು ಮಾತ್ರ ಒಂದು ಸಣ್ಣ ವಾಕಿಂಗ್. ಮನೆಗೆ ಅಡ್ವಾನ್ಸ್ ಕೊಡುವ ಮೊದಲು ಒಂದು ಸಲ ಬೆಳಿಗ್ಗೆ ಎಂಟೂವರೆಗೆ ಆ ದಾರಿಯಲ್ಲಿ ಹೋಗಿ ನೋಡಿ. ಮಧ್ಯಾಹ್ನ ಮನೆ ನೋಡಲು ಹೋದವರಿಗೆ ಏನೂ ಗೊತ್ತಾಗುವುದಿಲ್ಲ.

ಕಾರ್ಡ್ ವಿಷಯ

ಟೋಕನ್ ಇಲ್ಲ, ಬ್ಯಾಗ್ ಸ್ಕ್ಯಾನಿಂಗ್ ಇಲ್ಲ, ಹೆಂಗಸರಿಗೆ ಬೇರೆ ಬೋಗಿ ಇಲ್ಲ. ನಮ್ಮ ಮೆಟ್ರೋದಿಂದ ಬಂದವರಿಗೆ ಮೊದಲ ದಿನ ಏನೋ ಬಿಟ್ಟುಹೋದ ಹಾಗೆ ಅನ್ನಿಸುತ್ತದೆ. ಒಳಗೆ ಹೋಗುವಾಗ ಹಳದಿ ರೀಡರ್‌ಗೆ ಕಾರ್ಡ್ ಮುಟ್ಟಿಸಬೇಕು, ಹೊರಗೆ ಬರುವಾಗ ಅದೇ ಕಾರ್ಡನ್ನು ಮತ್ತೆ ಮುಟ್ಟಿಸಬೇಕು. ದುಡ್ಡು ತುಂಬಿಸಿ ಬಳಸುವ ಆಯ್ಸ್ಟರ್ ಕಾರ್ಡ್ 2003ರಲ್ಲಿ ಬಂತು. 2014ರಿಂದ ಬ್ಯಾಂಕ್‌ನ ಕಾಂಟ್ಯಾಕ್ಟ್‌ಲೆಸ್ ಕಾರ್ಡೇ ನಡೆಯುತ್ತದೆ. ದೊಡ್ಡವರಿಗೆ ದರವೂ ಒಂದೇ.

"ಅದೇ ಕಾರ್ಡ್" ಅಂದದ್ದಕ್ಕೆ ಕಾರಣ ಇದೆ. ಫೋನ್‌ನಲ್ಲಿರುವ ಕಾರ್ಡ್ ಮತ್ತು ಪರ್ಸ್‌ನಲ್ಲಿರುವ ಪ್ಲಾಸ್ಟಿಕ್ ಕಾರ್ಡ್, ಅಕೌಂಟ್ ಒಂದೇ ಆದರೂ, ಗೇಟಿನ ಲೆಕ್ಕದಲ್ಲಿ ಎರಡು. ಫೋನ್ ಮುಟ್ಟಿಸಿ ಒಳಗೆ ಹೋಗಿ ಕಾರ್ಡ್ ಮುಟ್ಟಿಸಿ ಹೊರಗೆ ಬಂದರೆ ಎರಡು ಅರ್ಧ ಪ್ರಯಾಣ ಆಗಿ, ಎರಡಕ್ಕೂ ಗರಿಷ್ಠ ದರ ಬೀಳುತ್ತದೆ. ದಿನದ ಮಿತಿಯೂ ಕೈತಪ್ಪುತ್ತದೆ. ಆ ಮಿತಿ ನಿಜಕ್ಕೂ ಉಪಕಾರಿ. ಒಂದು ದಿನದಲ್ಲಿ ಇಷ್ಟು, ಸೋಮವಾರದಿಂದ ಭಾನುವಾರದೊಳಗೆ ಇಷ್ಟು ಅಂತ ಇರುತ್ತದೆ, ಅದಕ್ಕಿಂತ ಜಾಸ್ತಿ ಕತ್ತರಿಸುವುದಿಲ್ಲ. ಆದ್ದರಿಂದ ಒಂದು ಕಾರ್ಡ್ ಅಥವಾ ಒಂದು ಫೋನ್ ಗೊತ್ತು ಮಾಡಿಕೊಂಡು ಅದಕ್ಕೇ ಅಂಟಿಕೊಳ್ಳಿ. ಗಂಡ ಹೆಂಡತಿ ಜೊತೆಗೆ ಹೋದರೆ ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಬೇಕು. 11 ವರ್ಷದ ಒಳಗಿನ ಮಕ್ಕಳು ಟಿಕೆಟ್ ಇರುವ ದೊಡ್ಡವರ ಜೊತೆ ಟ್ಯೂಬ್‌ನಲ್ಲಿ ಪುಕ್ಕಟೆ, ಒಬ್ಬರ ಜೊತೆ ನಾಲ್ಕು ಮಕ್ಕಳವರೆಗೆ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಝಿಪ್ ಫೋಟೋ ಕಾರ್ಡ್ ಮಾಡಿಸಬೇಕು.

ಊರಿನಿಂದ ತಂದ ಕಾರ್ಡ್ ನಡೆಯುತ್ತಾ? ವೀಸಾ, ಮಾಸ್ಟರ್‌ಕಾರ್ಡ್, ಅಮೆಕ್ಸ್ ಆದರೆ ಸಾಮಾನ್ಯವಾಗಿ ನಡೆಯುತ್ತದೆ. ರುಪೇ ನಂಬಿಕೊಂಡು ಬರಬೇಡಿ. ನಮ್ಮ ಬ್ಯಾಂಕ್‌ಗಳಲ್ಲಿ ವಿದೇಶಿ ಬಳಕೆ ಮೊದಲಿಗೆ ಬಂದ್ ಆಗಿರುತ್ತದೆ. ವಿಮಾನ ಹತ್ತುವ ಮೊದಲೇ ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ಮತ್ತು ಕಾಂಟ್ಯಾಕ್ಟ್‌ಲೆಸ್ ಎರಡನ್ನೂ ಆನ್ ಮಾಡಿಕೊಳ್ಳಿ. ಆದರೂ ಪ್ರತಿ ದಿನದ ಖರ್ಚಿನ ಮೇಲೆ ಬ್ಯಾಂಕ್ ವಿನಿಮಯದ ಶುಲ್ಕ ಹಾಕುತ್ತದೆ. ಇಲ್ಲಿನ ಅಕೌಂಟ್ ಆಗುವವರೆಗೆ ಆಯ್ಸ್ಟರ್ ಒಳ್ಳೆಯದು.

ವಿದ್ಯಾರ್ಥಿಗಳು ಇನ್ನೊಂದು ಕೇಳಿಸಿಕೊಳ್ಳಿ, ಇದನ್ನು ಯಾರೂ ಹೇಳುವುದಿಲ್ಲ. 16-25 ಅಥವಾ 26-30 ರೈಲ್‌ಕಾರ್ಡ್ (ಆ ವಯಸ್ಸಿನವರಿಗೆ ರೈಲು ರಿಯಾಯಿತಿ ಕಾರ್ಡ್) ತೆಗೆದುಕೊಂಡು, ಸ್ಟೇಷನ್ ಸಿಬ್ಬಂದಿ ಹತ್ತಿರ ಅದನ್ನು ಆಯ್ಸ್ಟರ್‌ಗೆ ಜೋಡಿಸಿಕೊಂಡರೆ ಆಫ್-ಪೀಕ್ ದರದಲ್ಲಿ ಮೂರನೇ ಒಂದು ಭಾಗ ಕಡಿಮೆ. ಕಾಂಟ್ಯಾಕ್ಟ್‌ಲೆಸ್‌ಗೆ ಇದು ಸಿಗುವುದಿಲ್ಲ. 18+ ಸ್ಟೂಡೆಂಟ್ ಆಯ್ಸ್ಟರ್‌ನಲ್ಲಿ ವಾರದ, ತಿಂಗಳ ಟ್ರಾವೆಲ್‌ಕಾರ್ಡ್ (ಪಾಸ್) ಮೇಲೆ 30% ರಿಯಾಯಿತಿ ಇದೆ. ಆದರೆ ಮಾಸ್ಟರ್ಸ್ ಮಾಡುವವರಿಗೆ ವಾರಕ್ಕೆ ಎರಡು ಮೂರು ದಿನವೇ ಕ್ಲಾಸ್ ಇರುವುದರಿಂದ ನನ್ನ ಪ್ರಕಾರ ರೈಲ್‌ಕಾರ್ಡೇ ಲಾಭ. ಪೀಕ್ ಅಂದರೆ ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 6:30ರಿಂದ 9:30, ಸಂಜೆ 4ರಿಂದ 7. ಲೆಕ್ಕಕ್ಕೆ ಬರುವುದು ನೀವು ಒಳಗೆ ಕಾರ್ಡ್ ಮುಟ್ಟಿಸಿದ ಸಮಯ. 9:28ಕ್ಕೆ ಗೇಟ್ ಮುಂದೆ ಫೋನ್ ನೋಡುತ್ತಾ ನಿಂತಿರುವವರು ಯಾಕೆ ನಿಂತಿದ್ದಾರೆ ಅಂತ ಈಗ ಗೊತ್ತಾಯಿತಲ್ಲ.

ಎಚ್ಚರ ಬೇಕಾದ್ದು ಡಿಎಲ್‌ಆರ್‌ನಲ್ಲಿ, ಅಂದರೆ ಪೂರ್ವ ಲಂಡನ್‌ನ ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆಯಲ್ಲಿ. ಅದರ ಎಷ್ಟೋ ಸ್ಟೇಷನ್‌ಗಳಲ್ಲಿ ಗೇಟೇ ಇಲ್ಲ, ಕಂಬದ ಮೇಲೆ ರೀಡರ್ ಇರುತ್ತದೆ. ಸುಮ್ನೆ ಹತ್ತಿಬಿಡುವುದು ಬಹಳ ಸುಲಭ. ಚೆಕಿಂಗ್‌ನವರು ಸಿಕ್ಕರೆ ದಂಡ 100 ಪೌಂಡ್, 21 ದಿನದೊಳಗೆ ಕಟ್ಟಿದರೆ 50. "ಹೊಸಬ, ಗೊತ್ತಿರಲಿಲ್ಲ" ಅನ್ನುವ ಮಾತು ಅವರು ದಿನಾ ಕೇಳುತ್ತಾರೆ. ಕೆನಡಾ ವಾಟರ್, ಹೈಬರಿ ಅಂಡ್ ಇಸ್ಲಿಂಗ್ಟನ್‌ನಂಥ ಕಡೆ ಗುಲಾಬಿ ಬಣ್ಣದ ರೀಡರ್ ಕಾಣುತ್ತದೆ. ಝೋನ್ 1 ಮುಟ್ಟದೆ ಸುತ್ತಿ ಹೋಗುವವರು ದಾರಿಯಲ್ಲಿ ಅದಕ್ಕೂ ಮುಟ್ಟಿಸಿದರೆ ಕಡಿಮೆ ದರ ಬೀಳುತ್ತದೆ.

ಸ್ಲೌ, ರೆಡಿಂಗ್ ಕಡೆ ಮನೆ ಮಾಡುವವರಿಗೆ: ಎಲಿಝಬೆತ್ ಲೈನ್ ಅಲ್ಲಿಯವರೆಗೂ ಹೋಗುತ್ತದೆ, ಆದರೆ ವೆಸ್ಟ್ ಡ್ರೇಟನ್ ದಾಟಿದ ಮೇಲೆ ಆಯ್ಸ್ಟರ್ ನಡೆಯುವುದಿಲ್ಲ. ಕಾಂಟ್ಯಾಕ್ಟ್‌ಲೆಸ್ ಬಳಸಿ.

ಹೀಥ್ರೋದಿಂದ ಊರೊಳಗೆ

ದಾರಿ ಮೂರು. ಹೀಥ್ರೋ ಎಕ್ಸ್‌ಪ್ರೆಸ್ ಕಾಲು ಗಂಟೆಯಲ್ಲಿ ಪ್ಯಾಡಿಂಗ್ಟನ್ ಮುಟ್ಟಿಸುತ್ತದೆ, ದುಬಾರಿ, ನಿಮಗೆ ಬೇಡ. ಪಿಕಡಿಲಿ ಲೈನ್ ಎಲ್ಲಕ್ಕಿಂತ ಅಗ್ಗ, ನಿಧಾನ. 2022ರ ಮೇ 24ರಂದು ಶುರುವಾದ ಎಲಿಝಬೆತ್ ಲೈನ್ ಎರಡರ ನಡುವೆ. ಹೌನ್ಸ್ಲೋ, ಹ್ಯಾಮರ್‌ಸ್ಮಿತ್ ಕಡೆ ಹೋಗುವವರು ಯೋಚಿಸದೆ ಪಿಕಡಿಲಿ ಹತ್ತಿ. ಅದು ಹೊರಡುವ ಜಾಗವೇ ಏರ್‌ಪೋರ್ಟ್ ಆದ್ದರಿಂದ ಕೂರಲು ಜಾಗ ಸಿಗುತ್ತದೆ. ಆದರೆ ಎರಡೆರಡು 23 ಕಿಲೋ ಸೂಟ್‌ಕೇಸ್, ಜೊತೆಗೆ ಚಟ್ನಿಪುಡಿ ತುಂಬಿದ ಕ್ಯಾಬಿನ್ ಬ್ಯಾಗ್ ಇಟ್ಟುಕೊಂಡು ಪೂರ್ವ ಲಂಡನ್‌ಗೆ ಹೋಗುವವರು ಕೆಲವು ಪೌಂಡ್ ಉಳಿಸಲು ಹೋಗಬೇಡಿ. ಎಲಿಝಬೆತ್ ಲೈನ್‌ನ ಎಲ್ಲಾ ಸ್ಟೇಷನ್‌ಗಳಲ್ಲೂ ಮೆಟ್ಟಿಲು ಹತ್ತದೆ ಪ್ಲಾಟ್‌ಫಾರ್ಮ್‌ಗೆ ಹೋಗಬಹುದು. ಹಳೆಯ ಟ್ಯೂಬ್ ಸ್ಟೇಷನ್‌ನಲ್ಲಿ ಎಸ್ಕಲೇಟರ್ ಮುಗಿದ ಮೇಲೂ ಕೊನೆಗೆ ಹತ್ತು ಹದಿನೈದು ಮೆಟ್ಟಿಲು ಬಂದೇ ಬರುತ್ತದೆ.

ಮ್ಯಾಪ್ ನಂಬಿ, ಅಳತೆ ನಂಬಬೇಡಿ

ಗೋಡೆ ಮೇಲೆ ಕಾಣುವ ಬಣ್ಣದ ಮ್ಯಾಪ್‌ನ ಮೂಲ ಹ್ಯಾರಿ ಬೆಕ್ ಅನ್ನುವ ಡ್ರಾಫ್ಟ್ಸ್‌ಮನ್ ಬರೆದದ್ದು, 1933ರಲ್ಲಿ ಅಚ್ಚಾಯಿತು. ನೆಲದ ಕೆಳಗೆ ಇರುವವನಿಗೆ ಮೇಲಿನ ರಸ್ತೆ ಯಾಕೆ ಬೇಕು, ಯಾವ ಸ್ಟೇಷನ್ ಆದಮೇಲೆ ಯಾವುದು ಅಂತ ಗೊತ್ತಾದರೆ ಸಾಕು ಅನ್ನುವುದು ಅವನ ಲೆಕ್ಕ. ಹಾಗಾಗಿ ನಡುಭಾಗ ಹಿಗ್ಗಿದೆ, ಅಂಚು ಕುಗ್ಗಿದೆ. ಲೆಸ್ಟರ್ ಸ್ಕ್ವೇರ್‌ನಿಂದ ಕಾವೆಂಟ್ ಗಾರ್ಡನ್ ಬರೀ 260 ಮೀಟರ್. ಅದಕ್ಕೆ ಟ್ಯೂಬ್ ಹತ್ತಿದರೆ ಝೋನ್ 1ರ ಪೂರ್ತಿ ದರ. ಕಾವೆಂಟ್ ಗಾರ್ಡನ್‌ನಲ್ಲಿ ಲಿಫ್ಟ್‌ಗೆ ಕ್ಯೂ ಇದೆ ಅಂತ ಮೆಟ್ಟಿಲು ಹತ್ತಿದವರಿಗೆ 193 ಮೆಟ್ಟಿಲು. ಚೇರಿಂಗ್ ಕ್ರಾಸ್‌ನಿಂದ ಎಂಬ್ಯಾಂಕ್‌ಮೆಂಟ್, ಕ್ವೀನ್ಸ್‌ವೇಯಿಂದ ಬೇಸ್‌ವಾಟರ್ ಕೂಡ ನಡೆಯುವ ದೂರವೇ.

ಹೆಸರುಗಳಲ್ಲಿ ಗೊಂದಲ ಜಾಸ್ತಿ. ಎಜ್‌ವೇರ್ ಇರುವುದು ನಾರ್ದರ್ನ್ ಲೈನ್‌ನ ಉತ್ತರದ ತುದಿಯಲ್ಲಿ. ಎಜ್‌ವೇರ್ ರೋಡ್ ಇರುವುದು ನಡು ಲಂಡನ್‌ನಲ್ಲಿ, ಅದೂ ಒಂದಲ್ಲ, ಒಂದೇ ಹೆಸರಿನ ಎರಡು ಬೇರೆ ಸ್ಟೇಷನ್. ಹ್ಯಾಮರ್‌ಸ್ಮಿತ್ ಕೂಡ ಎರಡಿವೆ, ನಡುವೆ ರಸ್ತೆ ದಾಟಬೇಕು. ಸರ್ಕಲ್ ಲೈನ್ 2009ರಿಂದ ಸರ್ಕಲ್ ಅಲ್ಲ. ಸುತ್ತು ಹೊಡೆದು ಹ್ಯಾಮರ್‌ಸ್ಮಿತ್ ಕಡೆ ಬಾಲ ಚಾಚಿದೆ. ನಾರ್ದರ್ನ್ ಲೈನ್ ನಡುವೆ ಬ್ಯಾಂಕ್ ಕಡೆ ಒಂದು, ಚೇರಿಂಗ್ ಕ್ರಾಸ್ ಕಡೆ ಒಂದು ಸೀಳುತ್ತದೆ. ಬೋರ್ಡ್‌ನಲ್ಲಿ ಕೊನೆಯ ಸ್ಟೇಷನ್ ಹೆಸರಿನ ಜೊತೆ "ವಯಾ" ಏನಿದೆ ಅಂತ ಓದಿಯೇ ಹತ್ತಿ. ಡಿಸ್ಟ್ರಿಕ್ಟ್ ಲೈನ್‌ಗೆ ಅರ್ಲ್ಸ್ ಕೋರ್ಟ್‌ನಲ್ಲಿ ಇದೇ ಕಥೆ. ಓವರ್‌ಗ್ರೌಂಡ್ ಅನ್ನುವ ನೆಲದ ಮೇಲಿನ ರೈಲಿನ ಲೈನ್‌ಗಳಿಗೆ 2024ರ ಕೊನೆಯಲ್ಲಿ ಮಿಲ್ಡ್‌ಮೇ, ವಿಂಡ್‌ರಷ್, ಲಯನೆಸ್ ಅಂತೆಲ್ಲಾ ಆರು ಹೊಸ ಹೆಸರು ಬಂದಿವೆ. ಹಳಬರ ಬಾಯಲ್ಲಿ ಅವು ಇನ್ನೂ ಕೂತಿಲ್ಲ, ಅವರನ್ನು ಕೇಳಿ ಪ್ರಯೋಜನವಿಲ್ಲ.

ಬೇಸಿಗೆ ಬಗ್ಗೆ ಒಂದು ಮಾತು. 1863ರ ಜನವರಿ 10ರಂದು ಪ್ಯಾಡಿಂಗ್ಟನ್‌ನಿಂದ ಫ್ಯಾರಿಂಗ್ಡನ್‌ಗೆ ಉಗಿಬಂಡಿ ಓಡಿಸಿದ ಕಾಲದಲ್ಲಿ ರಸ್ತೆ ಅಗೆದು, ಸುರಂಗ ಕಟ್ಟಿ, ಮೇಲೆ ಮುಚ್ಚಿದರು. ಆ ಮೆಟ್ರೋಪಾಲಿಟನ್, ಸರ್ಕಲ್, ಡಿಸ್ಟ್ರಿಕ್ಟ್, ಹ್ಯಾಮರ್‌ಸ್ಮಿತ್ ಅಂಡ್ ಸಿಟಿ ಲೈನ್‌ಗಳಲ್ಲಿ ಸುರಂಗ ದೊಡ್ಡದು, ಗಾಡಿ ದೊಡ್ಡದು, ಈಗ ಏಸಿಯೂ ಇದೆ. 1890ರಿಂದ ಆಳದಲ್ಲಿ ಕೊರೆದ ಸುರಂಗಗಳು ಮಾತ್ರ ಇಕ್ಕಟ್ಟು. ಬ್ರೇಕ್‌ನ, ಮೋಟಾರ್‌ನ ಬಿಸಿಯನ್ನು ಸುತ್ತಲಿನ ಜೇಡಿಮಣ್ಣು ನೂರು ವರ್ಷದಿಂದ ಕುಡಿದು ಕುಡಿದು, ಇನ್ನು ಕುಡಿಯಲಾರೆ ಅನ್ನುತ್ತಿದೆ. ಆಗಸ್ಟ್‌ನಲ್ಲಿ ಸೆಂಟ್ರಲ್ ಲೈನ್ ಅಂದರೆ ಬಚ್ಚಲ ಒಲೆಯ ಮುಂದೆ ಕೂತ ಹಾಗೆ. ಹಾಗಾಗಿ ಬಸುರಿಯರಿಗೆ, ವಯಸ್ಸಾದವರಿಗೆ ಸ್ವಲ್ಪ ಸುತ್ತಾದರೂ ಏಸಿ ಇರುವ ಲೈನ್ ಹುಡುಕಿ. ಬಸುರಿಯರಿಗೆ "ಬೇಬಿ ಆನ್ ಬೋರ್ಡ್" ಬ್ಯಾಡ್ಜ್ ಪುಕ್ಕಟೆ ಸಿಗುತ್ತದೆ. ಸಂಕೋಚ ಬೇಡ, ಹಾಕಿಕೊಳ್ಳಿ. ಜನ ಎದ್ದು ಜಾಗ ಕೊಡುತ್ತಾರೆ.

ಅಪ್ಪ ಅಮ್ಮ ಬಂದಾಗ

ಮಂಡಿನೋವಿನ ಅಮ್ಮನನ್ನು ಊರು ತೋರಿಸಲು ಕರೆದುಕೊಂಡು ಹೋಗುವ ಮೊದಲು ಮ್ಯಾಪ್‌ನಲ್ಲಿ ವೀಲ್‌ಚೇರ್ ಗುರುತು ನೋಡಿ. ನೀಲಿ ಬಣ್ಣದ್ದು ಇದ್ದರೆ ರಸ್ತೆಯಿಂದ ಗಾಡಿಯೊಳಗಿನವರೆಗೆ ಮೆಟ್ಟಿಲಿಲ್ಲ. ಬಿಳಿಯದು ಇದ್ದರೆ ಪ್ಲಾಟ್‌ಫಾರ್ಮ್‌ವರೆಗೆ ಮಾತ್ರ, ಗಾಡಿಗೆ ಹತ್ತಲು ಎತ್ತರವೋ ಸಂದೋ ಇರುತ್ತದೆ. 272 ಸ್ಟೇಷನ್‌ಗಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಮಾತ್ರ ಈ ಸೌಕರ್ಯ. ಜುಬಿಲಿ ಲೈನ್‌ನಲ್ಲಿ ವೆಸ್ಟ್‌ಮಿನ್‌ಸ್ಟರ್‌ನಿಂದ ಸ್ಟ್ರಾಟ್‌ಫರ್ಡ್‌ವರೆಗಿನ ಭಾಗ 1999ರಲ್ಲಿ ಶುರುವಾದದ್ದು, ಅಲ್ಲಿ ಎಲ್ಲಾ ಕಡೆ ಲಿಫ್ಟ್ ಇದೆ. ವಯಸ್ಸಾದವರ ಉಚಿತ ಪಾಸ್ ಇಲ್ಲಿ ವಾಸವಿರುವವರಿಗೆ. ವಿಸಿಟರ್ ವೀಸಾದಲ್ಲಿ ಬಂದವರಿಗೆ ಇಲ್ಲ. ಎರಡು ಆಯ್ಸ್ಟರ್ ತೆಗೆದು ಇಟ್ಟುಕೊಳ್ಳಿ. ಅದರಲ್ಲಿನ ದುಡ್ಡು ಅವಧಿ ಮುಗಿದು ಹಾಳಾಗುವುದಿಲ್ಲ, ಮುಂದಿನ ವರ್ಷ ಅತ್ತೆ ಮಾವ ಬಂದಾಗ ಅವರಿಗೂ ಕೊಡಬಹುದು.

ಅವರಿಗೆ ಮೊದಲೇ ಹೇಳಿಡಬೇಕಾದ್ದು ಒಂದೇ: ಎಸ್ಕಲೇಟರ್‌ನಲ್ಲಿ ಬಲಗಡೆ ನಿಲ್ಲಬೇಕು, ಎಡಗಡೆ ನಡೆಯುವವರಿಗೆ. ಅಕ್ಕಪಕ್ಕ ನಿಂತು ಮಾತಾಡುತ್ತಾ ಹೋದರೆ ಹಿಂದಿನಿಂದ "ಎಕ್ಸ್‌ಕ್ಯೂಸ್ ಮಿ" ಬರುತ್ತದೆ. ಏಂಜೆಲ್ ಸ್ಟೇಷನ್‌ನ ಎಸ್ಕಲೇಟರ್ 60 ಮೀಟರ್ ಉದ್ದ. ಅಭ್ಯಾಸ ಇಲ್ಲದವರಿಗೆ ತಲೆ ತಿರುಗುತ್ತದೆ, ಅಲ್ಲಿಂದ ಶುರು ಮಾಡಬೇಡಿ.

ನಮ್ಮವರು ತಪ್ಪದೆ ಹೋಗುವ ಎರಡು ಜಾಗ ಹೇಳುತ್ತೇನೆ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಬಸವಣ್ಣನ ಪುತ್ಥಳಿಗೆ ವಿಕ್ಟೋರಿಯಾ ಲೈನ್‌ನಲ್ಲಿ ವಾಕ್ಸ್‌ಹಾಲ್‌ನಲ್ಲಿ ಇಳಿದು, ಥೇಮ್ಸ್ ದಂಡೆಯಲ್ಲೇ ಲ್ಯಾಂಬೆತ್ ಸೇತುವೆ ಕಡೆ ನಡೆಯಿರಿ. ಎಂಬ್ಯಾಂಕ್‌ಮೆಂಟ್ ಅನ್ನುವ ಹೆಸರಿನ ಟ್ಯೂಬ್ ಸ್ಟೇಷನ್ ನದಿಯ ಆಚೆ ದಡದಲ್ಲಿದೆ, ಅಲ್ಲಿ ಇಳಿದು ಹುಡುಕಬೇಡಿ. ಇನ್ನೊಂದು, ಮತ್ತೂರು ಕೃಷ್ಣಮೂರ್ತಿಯವರು ವರ್ಷಾನುಗಟ್ಟಲೆ ನಡೆಸಿದ ಭಾರತೀಯ ವಿದ್ಯಾಭವನ. ವೆಸ್ಟ್ ಕೆನ್ಸಿಂಗ್ಟನ್ ಅಥವಾ ಬ್ಯಾರನ್ಸ್ ಕೋರ್ಟ್‌ನಲ್ಲಿ ಇಳಿದರೆ ಹತ್ತಿರವೇ.

ಹಬ್ಬದ ಕಾರ್ಯಕ್ರಮಗಳು ಶನಿವಾರ ಭಾನುವಾರ. ಲೈನ್ ರಿಪೇರಿಯೂ ಶನಿವಾರ ಭಾನುವಾರವೇ. ಶುಕ್ರವಾರ ರಾತ್ರಿಯೇ ಟಿಎಫ್ಎಲ್ (ಲಂಡನ್ ಸಾರಿಗೆ ಸಂಸ್ಥೆ) ಗೋ ಆ್ಯಪ್ ನೋಡಿಕೊಳ್ಳಿ. ಲೈನ್ ಬಂದ್ ಇದ್ದು ಬದಲಿ ಬಸ್ ಬಿಟ್ಟಿದ್ದರೆ ಒಂದು ಗಂಟೆ ಮೊದಲೇ ಹೊರಡಿ. ಶುಕ್ರವಾರ, ಶನಿವಾರ ರಾತ್ರಿ ಸೆಂಟ್ರಲ್, ಜುಬಿಲಿ, ನಾರ್ದರ್ನ್, ಪಿಕಡಿಲಿ, ವಿಕ್ಟೋರಿಯಾ ಲೈನ್‌ಗಳ ಕೆಲವು ಭಾಗಗಳಲ್ಲಿ ರಾತ್ರಿಯಿಡೀ ಗಾಡಿ ಇದೆ. ಮಿಕ್ಕವಕ್ಕೆ ಮಧ್ಯರಾತ್ರಿ ಹೊತ್ತಿಗೆ ಕೊನೆ ಗಾಡಿ. ಡಿಸೆಂಬರ್ 25ರಂದು ಟ್ಯೂಬ್ ಇಡೀ ದಿನ ಓಡುವುದಿಲ್ಲ. ಆ ದಿನಕ್ಕೆ ಊರಿನ ಟಿಕೆಟ್ ಅಗ್ಗ ಅಂತ ಬುಕ್ ಮಾಡುವವರು ಏರ್‌ಪೋರ್ಟ್‌ಗೆ ಹೋಗುವ ಟ್ಯಾಕ್ಸಿ ಖರ್ಚನ್ನೂ ಕೂಡಿಸಿ ಲೆಕ್ಕ ಹಾಕಿ.