ಲಾಗ್‌ನಲ್ಲಿ ಒಂದು ನಂಬರು, ಟಾಪ್‌ನಲ್ಲಿ ಇನ್ನೊಂದು

ನಮ್ಮ ಸರ್ವರ್ ಪ್ರೋಗ್ರಾಂನಲ್ಲಿ 40 ಥ್ರೆಡ್‌ಗಳಿದ್ದವು, ಅಂದರೆ ಒಟ್ಟೊಟ್ಟಿಗೆ ಓಡುವ 40 ಕೆಲಸದ ಎಳೆಗಳು. ಒಂದು ರಾತ್ರಿ ಅವುಗಳಲ್ಲಿ ಒಂದು ಇಡೀ ಸಿಪಿಯು ಕೋರನ್ನೇ ತಿನ್ನತೊಡಗಿತು. ಯಾವುದು ಎಷ್ಟು ಸಿಪಿಯು ತಿನ್ನುತ್ತಿದೆ ಅಂತ ತೋರಿಸುವ ಟಾಪ್ ಕಮಾಂಡಿಗೆ, ಥ್ರೆಡ್‌ಗಳೂ ಕಾಣಲಿ ಅಂತ -ಎಚ್ ಹಾಕಿ ನೋಡಿದೆ. ಕಾಟ ಕೊಡುತ್ತಿದ್ದ ಥ್ರೆಡ್‌ನ ನಂಬರು 28417. ಪ್ರೋಗ್ರಾಂ ತನ್ನ ಕೆಲಸವನ್ನು ಸಾಲು ಸಾಲಾಗಿ ಬರೆದಿಡುವ ಲಾಗ್‌ನಲ್ಲಿ ಹುಡುಕಿದರೆ ಆ ನಂಬರೇ ಇಲ್ಲ! ಅಲ್ಲಿ ಪ್ರತಿ ಸಾಲಿನಲ್ಲೂ 140ರಿಂದ ಶುರುವಾಗುವ 15 ಅಂಕಿಯ ಸಂಖ್ಯೆ.

ಲಾಗ್‌ಗೆ ನಾನು ಬರೆಸುತ್ತಿದ್ದದ್ದು ಪಿಥ್ರೆಡ್‌_ಸೆಲ್ಫ್ ಫಂಕ್ಷನ್ ಕೊಡುವ ಸಂಖ್ಯೆ. ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿ ಅದು ಪ್ರೋಗ್ರಾಂನ ಮೆಮೊರಿಯೊಳಗಿನ ಒಂದು ವಿಳಾಸ, ಅಷ್ಟೇ. ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಆ ನಂಬರಿನಿಂದ ಥ್ರೆಡ್‌ಗಳನ್ನು ಗುರುತಿಸುವುದಿಲ್ಲ. ಒಂದು ಥ್ರೆಡ್ ಮುಗಿದ ಮೇಲೆ ಅದೇ ವಿಳಾಸ ಹೊಸ ಥ್ರೆಡ್‌ಗೂ ಸಿಗಬಹುದು. ದೋಷ ಹುಡುಕುವ ಸಾಧನ ಜಿಡಿಬಿ ಎರಡೂ ನಂಬರನ್ನು ಅಕ್ಕಪಕ್ಕ ತೋರಿಸುತ್ತದೆ ನಿಜ, ಆದರೆ ಗ್ರಾಹಕರು ಬಳಸುತ್ತಿರುವ ಸರ್ವರನ್ನು ನಿಲ್ಲಿಸಿ ನೋಡೋಕಾಗಲ್ಲ ಅಲ್ವಾ?

ಕರ್ನಲ್ ಕಣ್ಣಿಗೆ ಪ್ರತಿ ಥ್ರೆಡ್ಡೂ ಒಂದು ಟಾಸ್ಕ್. ಪ್ರತಿಯೊಂದಕ್ಕೂ ತನ್ನದೇ ನಂಬರು ಇರುತ್ತದೆ. ಗೆಟ್‌ಪಿಐಡಿ ಕೇಳಿದರೆ ಪ್ರೋಗ್ರಾಂನ ಎಲ್ಲ ಥ್ರೆಡ್‌ಗಳ ಗುಂಪಿನ ನಂಬರು ಬರುತ್ತದೆ, ಗೆಟ್‌ಟಿಐಡಿ ಕೇಳಿದರೆ ಆ ಥ್ರೆಡ್‌ನದ್ದು. ಮೊದಲ ಥ್ರೆಡ್‌ಗೆ ಮಾತ್ರ ಎರಡೂ ಒಂದೇ. ನನಗೆ ಬೇಕಿದ್ದದ್ದು ಗೆಟ್‌ಟಿಐಡಿ. ಜಿಲಿಬ್‌ಸಿ ಈ ಹೆಸರಿನ ಫಂಕ್ಷನ್ ಕೊಟ್ಟದ್ದು 2019ರ 2.30 ಆವೃತ್ತಿಯಲ್ಲಿ. ನಮ್ಮ ಮಷೀನಿನಲ್ಲಿ ಹಳೆಯದಿತ್ತು, ಹಾಗಾಗಿ ಕರ್ನಲ್ಲನ್ನು ನೇರವಾಗಿ ಕೇಳುವ ಸಿಸ್‌ಕಾಲ್ ಫಂಕ್ಷನ್ ಮೂಲಕ ಕರೆದೆ. ಅಲ್ಲಿ ಎಸ್‌ವೈಎಸ್‌_ಗೆಟ್‌ಟಿಐಡಿ ಅಂತ ಹೆಸರನ್ನೇ ಬರೆಯಿರಿ, ನಂಬರು ಬೇಡ. ಪ್ರೊಸೆಸರ್ ಬದಲಾದರೆ ಆ ನಂಬರೂ ಬದಲಾಗುತ್ತದೆ: ಎಕ್ಸ್86-64ರಲ್ಲಿ ಅದು 186, 64 ಬಿಟ್ ಆರ್ಮ್‌ನಲ್ಲಿ 178.

ಪ್ರತಿ ಸಾಲಿಗೂ ಕರ್ನಲ್‌ಗೆ ಹೋಗಿ ಬರೋದು ಯಾಕೆ ಅಂತ ಆ ನಂಬರನ್ನು ಥ್ರೆಡ್-ಲೋಕಲ್ (ಪ್ರತಿ ಥ್ರೆಡ್‌ಗೂ ತನ್ನದೇ ಆದ) ವೇರಿಯಬಲ್‌ನಲ್ಲಿ ಇಟ್ಟುಕೊಂಡೆ. ಆಗ ಹೊಸ ತೊಂದರೆ ಶುರುವಾಯಿತು. ಫೋರ್ಕ್ ಆದ ಮೇಲೆ, ಅಂದರೆ ಪ್ರೊಸೆಸ್ ತನ್ನದೇ ನಕಲನ್ನು ಹುಟ್ಟಿಸಿದ ಮೇಲೆ, ಮಗು ಪ್ರೊಸೆಸ್‌ಗೆ ಹೊಸ ನಂಬರು ಬರುತ್ತದೆ, ಆದರೆ ವೇರಿಯಬಲ್‌ನಲ್ಲಿ ಅಪ್ಪನ ನಂಬರೇ ಉಳಿದಿರುತ್ತದೆ. ಲಾಗ್ ಸುಳ್ಳು ಹೇಳತೊಡಗಿತು. ಜಿಲಿಬ್‌ಸಿ ಕೂಡ ಒಂದು ಕಾಲದಲ್ಲಿ ಗೆಟ್‌ಪಿಐಡಿಯ ಉತ್ತರವನ್ನು ಹೀಗೇ ಕೂಡಿಡುತ್ತಿತ್ತು, 2.25ರಲ್ಲಿ ಅದನ್ನು ಕೈಬಿಟ್ಟಿತು. ನಾನೂ ಕೈಬಿಟ್ಟೆ. ಫೈಲಿಗೆ ಬರೆಯುವ ಖರ್ಚಿನ ಮುಂದೆ ಈ ಕರೆ ಜಾಸ್ತಿ ಏನೂ ಅಲ್ಲ.

ಜೊತೆಗೆ ಥ್ರೆಡ್‌ಗಳಿಗೆ ಹೆಸರನ್ನೂ ಇಟ್ಟೆ. 15 ಇಂಗ್ಲಿಷ್ ಅಕ್ಷರದೊಳಗೆ ಇಡಬೇಕು, ಮೀರಿದರೆ ಎರರ್ ಬರುತ್ತದೆ, ಹೆಸರು ಕೂರುವುದಿಲ್ಲ. ಪ್ರೋಗ್ರಾಂ ಅನ್ನು ಕಂಟೈನರ್ (ಉಳಿದವುಗಳಿಂದ ಬೇರ್ಪಡಿಸಿದ ಆವರಣ) ಒಳಗೆ ಓಡಿಸುವವರು ಇನ್ನೊಂದು ನೆನಪಿಡಿ: ಒಳಗೆ ಕಾಣುವ ನಂಬರೇ ಬೇರೆ, ಹೊರಗಿನದ್ದೇ ಬೇರೆ. ಹೊರಗಿನಿಂದ ನೋಡಿದರೆ, ಕರ್ನಲ್ ತನ್ನ ಮಾಹಿತಿ ತೋರಿಸುವ ಪ್ರೊಕ್ ಫೋಲ್ಡರ್ ಅಡಿಯ ಸ್ಟೇಟಸ್ ಫೈಲಿನಲ್ಲಿ ಎನ್‌ಎಸ್‌ಪಿಐಡಿ ಸಾಲು ಎರಡನ್ನೂ ತೋರಿಸುತ್ತದೆ.

ಮುಂದಿನ ವಾರ ಸಿಪಿಯು ಮತ್ತೆ ಏರಿತು. ಈ ಸಲ ಟಾಪ್‌ನ ನಂಬರನ್ನು ಲಾಗ್‌ನಲ್ಲಿ ಹುಡುಕಿದ ಕೂಡಲೇ ಸಿಕ್ಕಿತು. ಆಚೆಯವರು ಮುಚ್ಚಿದ್ದ ಸಾಕೆಟ್‌ನಿಂದ (ನೆಟ್‌ವರ್ಕ್ ಸಂಪರ್ಕದಿಂದ) ರೀಡ್ ಸೊನ್ನೆ ಕೊಡುತ್ತಿತ್ತು, ಅಂದರೆ ‘ಸಂಪರ್ಕ ಮುಗಿಯಿತು’ ಅಂತ. ನಮ್ಮ ಲೂಪ್ ಅದನ್ನು ‘ಇನ್ನೂ ಏನೂ ಬಂದಿಲ್ಲ’ ಅಂತ ತಿಳಿದು ಸುಮ್ನೆ ಸುತ್ತುತ್ತಲೇ ಇತ್ತು.